ಪದಚರ್ಚೆ: ಟಿವಿ ಗೇಮಿನ 'ಕ್ಯಾಸೆಟ್', 'ಲೈಫ್', ಮತ್ತು ಎರಡು ಬಗೆಯ ಕಷ್ಟ

ಎಲ್ಲರಿಗೂ ನಮಸ್ಕಾರ,

ಇಷ್ಟು ದಿನ ಸುಮ್ನೆ ನಿಮ್ಮ ಚರ್ಚೆ ಓದುತ್ತಾ ಕೂತಿದ್ದವನು ನಾನು. ಈಗ ನನ್ನದೇ ಒಂದು ತಾಪತ್ರಯ ಎದ್ದಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಚಿಕ್ಕವನಿದ್ದಾಗ ಆಡಿದ ವಿಡಿಯೋ ಗೇಮ್‌ಗಳನ್ನು ಈಗ ಮತ್ತೆ ಒಂದೊಂದಾಗಿ ಆಡಿ, ಮಾರ್ಕ್ಸ್ ಕೊಟ್ಟು, ಅರ್ಧರ್ಧ ಪುಟ ಬರೆದಿಡುತ್ತಿದ್ದೇನೆ. ಎಲ್ಲವೂ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ (ಟಿವಿಗೆ ಜೋಡಿಸಿ ಆಡುವ ಡಬ್ಬ) ಕಾಲದವು. ಆ ಡಬ್ಬ ಜಪಾನಿನ ಅಂಗಡಿಗೆ ಬಂದದ್ದು 1983ರಲ್ಲಿ. ಶಿವಮೊಗ್ಗದ ನಮ್ಮ ಮನೆಗೆ ಬರುವ ಹೊತ್ತಿಗೆ ಹನ್ನೆರಡು ವರ್ಷ ಕಳೆದಿತ್ತು. ಬಂದದ್ದೂ ಅಸಲಿ ಅಲ್ಲ, ಅದರ ನಕಲು. ನಮ್ಮ ಬಾಯಲ್ಲಿ ಅದು 'ಟಿವಿ ಗೇಮ್'.

ಬರೆದದ್ದನ್ನು ಒಬ್ಬ ಹಿರಿಯ ಗೆಳೆಯರಿಗೆ ತೋರಿಸಿದೆ. ಒಳ್ಳೆಯ ಕನ್ನಡ ಬರೆಯುವವರು, ಆದರೆ ಜೀವಮಾನದಲ್ಲಿ ಒಂದೂ ಗೇಮ್ ಆಡಿಲ್ಲ. ಮೊದಲ ಸಾಲಿಗೇ ಕೆಂಪು ಗೆರೆ ಬಿತ್ತು. ನಾನು ಬರೆದಿದ್ದು: 'ಕ್ಯಾಸೆಟ್ ತೆಗೆದು, ಊದಿ, ಮತ್ತೆ ಹಾಕಿದೆ.' ಅವರು ಬದಿಯಲ್ಲಿ ಬರೆದಿದ್ದಾರೆ: 'ಕ್ಯಾಸೆಟ್ ಅಂದರೆ ಹಾಡಿನದು. ಇದಕ್ಕೆ ಕಾರ್ಟ್ರಿಜ್ ಅನ್ನಬೇಕು. ನಿಮ್ಮದು ಹಳ್ಳಿ ತಪ್ಪು.'

ಹಳ್ಳಿ ತಪ್ಪು ಅಂದದ್ದಕ್ಕೆ ಸ್ವಲ್ಪ ಉರಿಯಿತು, ನಿಜ. ಅವರ ವಾದ ಏನೆಂದರೆ, ಕ್ಯಾಸೆಟ್ ಒಳಗೆ ಟೇಪ್ ಇರಬೇಕು. ಗೇಮಿನದರಲ್ಲಿ ಇರುವುದು ಒಂದು ಹಸಿರು ಹಲಗೆ, ಅದರ ಮೇಲೆ ಎರಡು ಚಿಪ್, ಕೆಳಗೆ ಹಿತ್ತಾಳೆ ಬಣ್ಣದ ಹಲ್ಲುಗಳ ಸಾಲು. ಟೇಪಿನ ಸುಳಿವೇ ಇಲ್ಲ. ಸರಿ. ಆದರೆ ಇದನ್ನು ಹುಟ್ಟಿಸಿದ ಊರಿನಲ್ಲೇ ಇದರ ಹೆಸರು ಏನು ಗೊತ್ತಾ? 'ಕಸೆಟ್ಟೊ'. ಜಪಾನಿನ ಹುಡುಗರು ಫ್ಯಾಮಿಕಾಮಿಗೆ ಹಾಕುತ್ತಿದ್ದದ್ದು ಕಸೆಟ್ಟೊ. ಅಮೆರಿಕದ ಡಬ್ಬಕ್ಕೆ ಬಂದಾಗ ನಿಂಟೆಂಡೊದವರೇ ಅದನ್ನು 'ಗೇಮ್ ಪ್ಯಾಕ್' ಎಂದು ಕರೆದರು. ಅದರ ಹಲ್ಲು 72. ಜಪಾನಿನದರ ಹಲ್ಲು 60. ನಮ್ಮ ನಕಲು ಡಬ್ಬಗಳಿಗೆ ಕೂರುತ್ತಿದ್ದದ್ದು ಈ 60 ಹಲ್ಲಿನದೇ. ನಮ್ಮ ಮಾತು ಜಪಾನಿನಿಂದ ಹಡಗು ಹತ್ತಿ ಬಂತು ಅಂತ ನಾನು ಹೇಳುತ್ತಿಲ್ಲ. ಮನೆಯಲ್ಲಿ ರಾಜ್‌ಕುಮಾರ್ ಹಾಡಿನ ಕ್ಯಾಸೆಟ್ ನೋಡಿದ್ದೆವು, ಇದೂ ಅಂಗೈ ಅಗಲದ ಪ್ಲಾಸ್ಟಿಕ್ ಡಬ್ಬಿ, ಇದನ್ನೂ ಯಂತ್ರಕ್ಕೆ ತುರುಕಬೇಕು, ಹಾಗಾಗಿ ಕ್ಯಾಸೆಟ್. ಅಲ್ಲಿನವರಿಗೂ ನಮಗೂ ಒಂದೇ ಹೆಸರು ಹೊಳೆದಿದೆ, ಅಷ್ಟೇ. ಆಮೇಲೆ, 'ಕಾರ್ಟ್ರಿಜ್ ಊದಿದೆ' ಅಂತ ಒಮ್ಮೆ ಜೋರಾಗಿ ಹೇಳಿ ನೋಡಿ. ನಾಲಿಗೆಯೇ ಒಪ್ಪಲ್ಲ. (ಊದಬಾರದಿತ್ತು ಅನ್ನುವುದು ಬೇರೆ ಮಾತು. ಉಸಿರಿನ ತೇವ ಹಲ್ಲಿಗೆ ಕೂತು ಕಿಲುಬು ಹಿಡಿಯುತ್ತೆ. ತೆಗೆದು ಮತ್ತೆ ಹಾಕಿದ್ದಕ್ಕೇ ಸರಿಯಾಗುತ್ತಿತ್ತು. ನಾವು ಕೀರ್ತಿ ಕೊಟ್ಟದ್ದು ಊದಿದ್ದಕ್ಕೆ.)

ಇದರಲ್ಲಿ ನನಗೆ ಅನುಮಾನವಿಲ್ಲ. ಕ್ಯಾಸೆಟ್ ಅಂತಲೇ ಬಿಡುತ್ತೇನೆ.

ಎರಡನೇ ಗೆರೆ 'ಲೈಫ್' ಮೇಲೆ. ಒಂದು ಗೇಮಿನ ನಾಯಕನ ಬಗ್ಗೆ 'ಮಾರಿಯೋಗೆ ಮೂರು ಲೈಫ್ ಇರುತ್ತೆ' ಅಂತ ಬರೆದಿದ್ದೆ, ಅಂದರೆ ಮೂರು ಸಲ ಸಾಯುವ ತನಕ ಆಡಬಹುದು. ಅವರು 'ಮೂರು ಜೀವ' ಮಾಡಿದರು. ಓದಿದ ಕೂಡಲೇ ಏನೋ ಕೆಟ್ಟಿತು ಅನ್ನಿಸಿತು, ಏನು ಅಂತ ತಿಳಿಯಲು ಎರಡು ದಿನ ಹಿಡಿಯಿತು. ಕನ್ನಡದಲ್ಲಿ 'ಮೂರು ಜೀವ' ಅಂದರೆ ಮೂರು ಜನ. 'ಆ ಮನೆಯಲ್ಲಿ ಇರೋದೇ ಮೂರು ಜೀವ' ಅನ್ನುತ್ತೇವಲ್ಲ, ಹಾಗೆ. ಒಬ್ಬನ ಹತ್ತಿರ ಮೂರು ಇವೆ ಅನ್ನುವ ಅರ್ಥ ಬರುವುದೇ ಇಲ್ಲ. 'ಜೀವ ಹೋಯ್ತು' ಅಂದರೆ ಹೆದರಿದ ಅಂತಲೂ ಆಗುತ್ತೆ. 'ಪ್ರಾಣ' ಸ್ವಲ್ಪ ವಾಸಿ, ಐದರ ತನಕ ಎಣಿಸಿದ ರೂಢಿ ನಮ್ಮಲ್ಲೇ ಇದೆ. ಆದರೆ ಪಂಚಪ್ರಾಣ ಅಂದರೆ ಈಗ ಯಾರೂ ಐದು ಅಂತ ಎಣಿಸಲ್ಲ. ತುಂಬಾ ಇಷ್ಟ ಅಂತ ಅರ್ಥ, ಅಷ್ಟೇ.

ಗೇಮಿನ ಲೈಫ್ ಇದ್ಯಾವುದೂ ಅಲ್ಲ. ಅದು ಜೇಬಿನಲ್ಲಿರುವ ಗೋಲಿಯಂಥದ್ದು. ಸಿಗುತ್ತೆ, ಹೋಗುತ್ತೆ, ಕೂಡಿಡಬಹುದು. ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ (1985) ನೂರು ಕಾಸು ಕೂಡಿಸಿದರೆ ಒಂದು ಲೈಫ್. ಮೂರನೇ ಲೋಕದ (ಗೇಮಿನ ಭಾಗಕ್ಕೆ ಲೋಕ ಅನ್ನುತ್ತಾರೆ) ಮೊದಲ ಆಟದ ಕೊನೆಯಲ್ಲಿ ಮೆಟ್ಟಿಲ ಮೇಲಿಂದ ಆಮೆ ಇಳಿದು ಬರುತ್ತೆ. ಸರಿಯಾದ ಮೆಟ್ಟಿಲಲ್ಲಿ ಅದನ್ನು ತುಳಿದರೆ ಚಿಪ್ಪು ಗೋಡೆಗೆ ಬಡಿದು ವಾಪಸ್ ಬರುತ್ತೆ, ಮತ್ತೆ ತುಳಿಯಬಹುದು, ಮತ್ತೆ ಬರುತ್ತೆ. ಅಂಕ ಏರಿ ಏರಿ ಆಮೇಲೆ ಒಂದೊಂದು ತುಳಿತಕ್ಕೂ ಒಂದೊಂದು ಲೈಫ್. ಲೈಫ್ ಹತ್ತು ಮುಟ್ಟಿದ ಮೇಲೆ ಹತ್ತರ ಸ್ಥಾನದ ಅಂಕಿಯ ಜಾಗದಲ್ಲಿ ಕಿರೀಟ ಮೂಡುತ್ತೆ. ದುರಾಸೆ ಜಾಸ್ತಿಯಾಗಿ 128 ದಾಟಿದಿರೋ, ಯಂತ್ರದ ಲೆಕ್ಕ ತಿರುಗಿ ಸೊನ್ನೆಗಿಂತ ಕೆಳಗೆ ಹೋಗುತ್ತೆ. ಮುಂದೆ ಒಮ್ಮೆ ಸತ್ತರೆ ನೇರ ಗೇಮ್ ಓವರ್. ಇಷ್ಟೆಲ್ಲ ವ್ಯವಹಾರ ನಡೆಸುವುದು 'ಲೈಫ್'. ಅದನ್ನು 'ಜೀವ' ಮಾಡಿ ವೇದಾಂತಕ್ಕೆ ಎಳೆಯುವುದು ಯಾಕೆ? 'ನಿಂಗೆಷ್ಟು ಲೈಫಿದೆ?' ಅಂತಲೇ ನಾವು ಕೇಳುತ್ತಿದ್ದದ್ದು. ಆದರೂ ಇಲ್ಲಿ ನಿಮ್ಮ ಅಭಿಪ್ರಾಯ ಬೇಕು. ನಿಮ್ಮ ಕಡೆ ಯಾರಾದರೂ 'ಜೀವ' ಅಥವಾ 'ಪ್ರಾಣ' ಅಂತ ಆಡುವಾಗಲೇ ಹೇಳಿದ್ದು ಉಂಟಾ?

ನಡುವೆ ಒಂದು ಮಾತು. ನಮ್ಮನೆಯಲ್ಲಿ ಗೇಮಿಗೆ ಒಂದು ಅಪ್ಪಟ ಕನ್ನಡ ಪದ ಹುಟ್ಟಿತ್ತು, ಹುಟ್ಟಿಸಿದ್ದು ಅಜ್ಜಿ. ಕಾಂಟ್ರಾ ಅನ್ನುವ ಗುಂಡು ಹಾರಿಸುವ ಗೇಮಿನ ಮೊದಲ ಸ್ಟೇಜಿನ ಕೊನೆಯಲ್ಲಿ ಒಂದು ದೊಡ್ಡ ಗೋಡೆ ಬರುತ್ತೆ. ಎರಡು ಫಿರಂಗಿ, ಮೇಲೊಬ್ಬ ಬಂದೂಕಿನವನು, ಕೆಳಗೆ ಕೆಂಪಗೆ ಮಿನುಗುವ ಒಂದು ಗುರುತು. ಅಣ್ಣ ಸಿಕ್ಕಸಿಕ್ಕಲ್ಲಿ ಗುಂಡು ಹೊಡೆಯುತ್ತಿದ್ದ. ಹಿಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ಅಂದರು, 'ಸುಮ್ನೆ ಗೋಡೆಗೆ ಯಾಕೋ ಹೊಡೀತೀಯ? ರಾಕ್ಷಸನ ಪ್ರಾಣ ಗಿಳಿಯಲ್ಲಿರುತ್ತೆ ಕಣೋ. ಗಿಳಿ ಎಲ್ಲಿದೆ ನೋಡು.' ಕೆಂಪು ಗುರುತಿಗೆ ಹೊಡೆದ, ಗೋಡೆ ಸಿಡಿಯಿತು. ಅವತ್ತಿನಿಂದ ನಮಗೆ ಪ್ರತಿ ಸ್ಟೇಜಿನ ಕೊನೆಯವನಿಗೂ ಒಂದು 'ಗಿಳಿ'. ಮಾರಿಯೋದಲ್ಲಂತೂ ಕತೆ ಇನ್ನೂ ಹತ್ತಿರ. ಅದರ ರಾಕ್ಷಸ ಬೌಸರನನ್ನು ಮುಟ್ಟುವುದೇ ಬೇಡ. ಅವನನ್ನು ದಾಟಿ ಹಿಂದಿರುವ ಕೊಡಲಿ ಮುಟ್ಟಿದರೆ ಸೇತುವೆ ಕಳಚಿ ಅವನು ಬೆಂಕಿಗೆ ಬೀಳುತ್ತಾನೆ. ಬೆಂಕಿ ಉಂಡೆ ಎಸೆದು ಕೊಂದರೆ, ಮೊದಲ ಏಳು ಲೋಕದಲ್ಲಿ ಸಾಯುವಾಗ ವೇಷ ಕಳಚಿ ಯಾವುದೋ ಸಣ್ಣ ಪುಡಿ ಶತ್ರು ಬಯಲಾಗುತ್ತಾನೆ. ಅಸಲಿ ಬೌಸರ್ ಎಂಟನೇ ಲೋಕದಲ್ಲಿ. ಅಜ್ಜಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ರಾಕ್ಷಸ ಅಂದಮೇಲೆ ಇನ್ನೇನು ಮಾಡ್ತಾನೆ?

'ಗಿಳಿ'ಗೂ ಗೆಳೆಯರು ಗೆರೆ ಹಾಕಿ 'ದುರ್ಬಲ ಬಿಂದು' ಅಂತ ಬರೆದಿದ್ದಾರೆ. ಅದನ್ನು ನಾನು ಓದಿಲ್ಲ ಅಂದುಕೊಂಡಿದ್ದೇನೆ.

ಈಗ ಅಸಲು ಪ್ರಶ್ನೆ. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ.

ಮಾರ್ಕ್ಸ್ ಕೊಡುವಾಗ 'ಕಷ್ಟ' ಅಂತ ಒಂದು ಕಲಂ ಇಟ್ಟಿದ್ದೆ, ಹತ್ತಕ್ಕೆ ಇಷ್ಟು ಅಂತ. ಕಾಂಟ್ರಾಗೆ 8 ಬಂತು. ಘೋಸ್ಟ್ಸ್ ಎನ್ ಗಾಬ್ಲಿನ್ಸ್ ಅನ್ನುವ ಗೇಮಿಗೂ ಹತ್ತಿರ ಹತ್ತಿರ ಅಷ್ಟೇ. ಬರೆದ ಮೇಲೆ ನನಗೇ ಇದು ಸುಳ್ಳು ಅನ್ನಿಸಿತು. ಇವೆರಡೂ ಒಂದೇ ಬಗೆಯ ಕಷ್ಟ ಅಲ್ಲವೇ ಅಲ್ಲ.

ಕಾಂಟ್ರಾದಲ್ಲಿ ಒಂದೇ ಗುಂಡಿಗೆ ಸಾಯುತ್ತೀರಿ, ಇರುವುದು ಮೂರೇ ಲೈಫ್. ಆದರೆ ಗುಂಡು ಬರುವುದು ಕಣ್ಣಿಗೆ ಕಾಣುತ್ತೆ, ನಿಧಾನ ಬರುತ್ತೆ. ಸತ್ತರೆ 'ಛೆ, ನಾನು ಹಾರಬೇಕಿತ್ತು' ಅನ್ನಿಸುತ್ತೆ. ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಗುಂಡಿ ಒತ್ತಿದರೆ 30 ಲೈಫ್ ಸಿಗುವ ದಾರಿಯೂ ಇದೆ. ಆ ಗುಟ್ಟನ್ನು ಮೊದಲು ಇಟ್ಟದ್ದು ಗೇಮ್ ಕಂಪನಿ ಕೊನಾಮಿಯ ಕಜುಹಿಸಾ ಹಶಿಮೊಟೊ, 1986ರಲ್ಲಿ ಗ್ರೇಡಿಯಸ್ ಗೇಮಿಗೆ. ಪರೀಕ್ಷೆ ಮಾಡಲು ಆಡಬೇಕಿದ್ದ ಅವರಿಗೇ ಆ ಗೇಮ್ ತೀರಾ ಕಷ್ಟವಾಗಿತ್ತಂತೆ!

ಘೋಸ್ಟ್ಸ್ ಎನ್ ಗಾಬ್ಲಿನ್ಸ್ ಹಾಗಲ್ಲ. ಸತ್ತು ಸುಣ್ಣವಾಗಿ ಕೊನೆಯವರೆಗೆ ಹೋದರೆ, ಇದೆಲ್ಲ ಸೈತಾನ ಹೂಡಿದ ಮಾಯೆ ಅಂತ ಹೇಳಿ ಮೊದಲಿಂದ ಆಡಿಸುತ್ತೆ. ಎರಡನೇ ಸಲ ಮುಗಿಸಿದರೆ ಮಾತ್ರ ನಿಜವಾದ ಕೊನೆ. ಚೌಕಾಬಾರದಲ್ಲಿ ಕಾಯಿ ನಡುಮನೆ ಮುಟ್ಟಿ ಹಣ್ಣಾಯಿತು ಅಂದುಕೊಂಡಾಗ, ಎದುರಿನವರು ಅದನ್ನು ಎತ್ತಿ ಮತ್ತೆ ಮೊದಲ ಮನೆಯಲ್ಲಿಟ್ಟ ಹಾಗೆ. ಇದು ಕಷ್ಟ ಅಲ್ಲ. ಇದು ಕಾಟ.

ಈ ಪದ ಸಿಕ್ಕಿದ ಮೇಲೆ ನನ್ನ ಪಟ್ಟಿ ಸ್ವಲ್ಪ ಸರಿಹೋಯಿತು. 'ಕಷ್ಟ' ನಾವು ಪಡುವುದು. 'ಕಾಟ' ಯಾರೋ ಕೊಡುವುದು. 'ಕಷ್ಟ ಕೊಟ್ಟರು' ಅನ್ನುವುದೂ ಉಂಟು, ಆದರೆ 'ಕಾಟ ಪಟ್ಟೆ' ಅಂತ ಯಾರೂ ಹೇಳಲ್ಲ. ಸೊಳ್ಳೆ ಕಾಟ, ಇಲಿ ಕಾಟ, ದೆವ್ವದ ಕಾಟ. ಕಷ್ಟಪಟ್ಟರೆ ಫಲ ಸಿಗಬಹುದು, ಸೊಳ್ಳೆ ಕಾಟಕ್ಕೆ ಫಲ ಏನೂ ಇಲ್ಲ. ಹಾಗಾಗಿ ಈಗ ಎರಡು ಕಲಂ. ಕಾಂಟ್ರಾ: ಕಷ್ಟ 8, ಕಾಟ 2. ಆ ಎರಡೂ ಜಲಪಾತದ ಸ್ಟೇಜಿನದು. ಜೊತೆಗಾರ ಬೇಗ ಮೇಲೆ ಹತ್ತಿದರೆ ಪರದೆ ಅವನ ಜೊತೆ ಮೇಲೇರಿ, ಕೆಳಗುಳಿದವನು ಸುಮ್ಮಸುಮ್ಮನೆ ಸಾಯುತ್ತಾನೆ. ಅದು ಗೇಮಿನ ಕಾಟವೋ ನಮ್ಮಣ್ಣನ ಕಾಟವೋ, ಈಗಲೂ ತೀರ್ಮಾನವಾಗಿಲ್ಲ. ಬಾತುಕೋಳಿ ಹೊಡೆಯುವ ಡಕ್ ಹಂಟ್ ಗೇಮಿನಲ್ಲಿ ಮಾತ್ರ ಸೇಡು ತೀರಿಸಿಕೊಂಡೆ. ಬಂದೂಕು ಅಣ್ಣನ ಕೈಯಲ್ಲಿ, ನಾನು ಪ್ಯಾಡ್ (ಆಡಿಸುವ ಗುಂಡಿಗಳ ಹಲಗೆ) ಹಿಡಿದು 'ಆಟಕ್ಕುಂಟು ಲೆಕ್ಕಕ್ಕಿಲ್ಲ'. ಒಂಟಿ ಬಾತುಕೋಳಿಯ ಆಟದಲ್ಲಿ ಪ್ಯಾಡಿನಿಂದ ಬಾತನ್ನು ಬೇಕಾದ ಕಡೆ ಹಾರಿಸಬಹುದು ಅಂತ ಅವನಿಗೆ ಗೊತ್ತಾಗಿದ್ದು ಎಷ್ಟೋ ತಿಂಗಳ ಮೇಲೆ.

ಜಪಾನಿನ ಫ್ಯಾಮಿತ್ಸು ಅನ್ನುವ ಗೇಮ್ ಪತ್ರಿಕೆಯಲ್ಲಿ ನಾಲ್ಕು ಜನ ಆಡಿ ತಲಾ ಹತ್ತರಂತೆ ಒಟ್ಟು 40ಕ್ಕೆ ಅಂಕ ಕೊಡುತ್ತಾರೆ. 1998ರಲ್ಲಿ ಒಂದು ಜೆಲ್ಡಾ ಗೇಮಿಗೆ ಮೊದಲ ಬಾರಿ 40ಕ್ಕೆ 40 ಬಂತು. ನನಗೆ ಆ ಪದ್ಧತಿ ಹಿಡಿಸಲ್ಲ. ಎಲ್ಲ ಕೂಡಿಸಿ ಒಂದೇ ಅಂಕಿ ಮಾಡಿದರೆ ಕಷ್ಟವೂ ಕಾಟವೂ ಕಲಸಿ ಹೋಗುತ್ತೆ.

ಆದರೆ ಗೆಳೆಯರ ಆಕ್ಷೇಪ ಇದೆ, ಅದರಲ್ಲಿ ಹುರುಳೂ ಇದೆ. 'ಕಾಟ' ಅಂದರೆ ಬರೀ ರಗಳೆ, ಆಟದ ನ್ಯಾಯ ಅನ್ಯಾಯ ಅದರಲ್ಲಿ ಎಲ್ಲಿ ಬಂತು ಅಂತ ಕೇಳುತ್ತಾರೆ. ಗೇಮ್ ನಿಯಮ ಮುರಿದು ನಮ್ಮನ್ನು ಸೋಲಿಸುವುದಕ್ಕೆ 'ಮೋಸ' ಸರಿ ಅನ್ನುತ್ತಾರೆ. ನನಗೆ ಮೋಸ ಅಂದರೆ ಬಚ್ಚಿಟ್ಟು ಮಾಡುವುದು. ಈ ಗೇಮ್‌ಗಳು ಏನೂ ಬಚ್ಚಿಡಲ್ಲ, ಎದುರಿಗೇ ನಿಂತು ಸತಾಯಿಸುತ್ತವೆ. 'ಕಳ್ಳಾಟ'ಕ್ಕೂ ಅದೇ ತೊಡಕು.

ಹಾಗಾಗಿ ಕೇಳುತ್ತಿದ್ದೇನೆ. ಗೋಲಿ, ಬುಗುರಿ, ಚಿನ್ನಿದಾಂಡು ಆಡುವಾಗ, ಸೋತದ್ದು ನನ್ನ ತಪ್ಪಿಗಲ್ಲ, ಆಟವೇ ಹಾಗಿದೆ ಅನ್ನುವುದಕ್ಕೆ ನಿಮ್ಮೂರಲ್ಲಿ ಏನಂತಿದ್ದಿರಿ? ಧಾರವಾಡದ ಕಡೆಯವರು, ಕುಂದಾಪುರದ ಕಡೆಯವರು, ಕೋಲಾರದವರು, ದಯವಿಟ್ಟು ಬರೆಯಿರಿ. ನಿಘಂಟಿನ ಪದ ಬೇಡ, ಬಾಯಲ್ಲಿ ಬಂದದ್ದೇ ಸಾಕು.

ಸ್ವಲ್ಪ ಬೇಗ ಬರೆದರೆ ಉಪಕಾರ. ಮುಂದಿನ ಪಾಳಿ ನಿಂಜಾ ಗೈಡನ್ ಅನ್ನುವ ಗೇಮಿನದು. ಹಳ್ಳದ ಅಂಚಿನಲ್ಲಿ ನಿಂತಾಗಲೇ ಹಕ್ಕಿ ಬಂದು ಕುಕ್ಕುತ್ತೆ, ಕುಕ್ಕಿದರೆ ಹಿಂದಕ್ಕೆ ಚಿಮ್ಮಿ ಹಳ್ಳಕ್ಕೆ ಬೀಳುತ್ತೀರಿ. ಕೊಂದ ಶತ್ರು ಒಂದು ಹೆಜ್ಜೆ ಹಿಂದೆ ಮುಂದೆ ಹೋದರೆ ಮತ್ತೆ ಅಲ್ಲೇ ಹಾಜರ್. ಆರನೇ ಭಾಗದಲ್ಲಿ ಕೊನೆಯ ರಾಕ್ಷಸನ ಕೈಲಿ ಸತ್ತರೆ ಆ ಭಾಗದ ಮೊದಲಿಗೆ ವಾಪಸ್. ಆ ಹಕ್ಕಿಗೆ ಸದ್ಯ ಪೆನ್ಸಿಲಿನಲ್ಲಿ 'ಕಾಟ 10' ಅಂತ ಬರೆದಿಟ್ಟಿದ್ದೇನೆ.