ಹೋತಮರಿಗೆ ಬಾಲದ ಕೆಳಗಿಂದ ಉಚ್ಚೆ ಬರುತ್ತಿದೆ, ಬದುಕುತ್ತದಾ?

ಹುನಗುಂದ ರೈತ:
ಎಲ್ಲರಿಗೂ ನಮಸ್ಕಾರ್ರಿ. ಮೊನ್ನೆ ನಮ್ಮ ಆಡು ಅವಳಿ ಈದಿದೆ. ಹೆಣ್ಣುಮರಿ ಚೆನ್ನಾಗಿದೆ. ಇನ್ನೊಂದು ಹೋತಮರಿ, ಆದರೆ ಹೊಟ್ಟೆಯ ಕೆಳಗೆ ಉಚ್ಚೆ ಬರುವ ತೂತೇ ಇಲ್ಲ. ಅಲ್ಲಿಂದ ಹಿಂದಕ್ಕೆ ಸೀಳಿದ ಹಾಗೆ ಒಂದು ಗೆರೆ ಇದೆ, ಒಳಗೆ ಕೆಂಪಗೆ ಕಾಣುತ್ತದೆ. ತರಡಿನ ಚೀಲವೂ ಎರಡು ಭಾಗ ಆಗಿದೆ. ಉಚ್ಚೆ ಹಿಕ್ಕೆ ಹಾಕುವ ಜಾಗದ ಸ್ವಲ್ಪ ಕೆಳಗಿಂದ ಬಂದು ತೊಡೆಗೆ ಇಳಿಯುತ್ತದೆ. ಹಾಲು ಮಾತ್ರ ಬಾಲ ಅಲ್ಲಾಡಿಸುತ್ತಾ ಕುಡಿಯುತ್ತದೆ, ಅದನ್ನು ನೋಡಿದರೆ ಕರುಳು ಚುರುಕ್ ಅನ್ನುತ್ತದೆ. ಓಣಿಯವರು ಗ್ರಹಣದ ದೋಷ ಅನ್ನುತ್ತಾರೆ. ಇದು ಗಂಡಾ, ಹೆಣ್ಣಾ? ಬೆಳೆಸಿ ಅಮೀನಗಡ ಸಂತೆಗೆ ಒಯ್ಯಬಹುದಾ?

ಪಶುವೈದ್ಯ, ಬಾಗಲಕೋಟೆ:
ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಮರಿ ಗರ್ಭದಲ್ಲಿದ್ದಾಗ ಉಚ್ಚೆನಾಳದ ಎರಡು ಅಂಚು ಕೂಡಿಕೊಂಡು ಕೊಳವೆ ಆಗಬೇಕು, ಇಲ್ಲಿ ಅದು ಕೂಡಿಲ್ಲ. ಇದಕ್ಕೆ ಹೈಪೋಸ್ಪೇಡಿಯಾಸ್ ಅನ್ನುತ್ತೇವೆ. ಉಚ್ಚೆ ಸಲೀಸಾಗಿ ಬರುತ್ತಿದ್ದರೆ ಸಾಮಾನ್ಯವಾಗಿ ಬದುಕುತ್ತದೆ. ತಿಣುಕುತ್ತಿದ್ದರೆ, ಹೊಟ್ಟೆ ಉಬ್ಬಿದರೆ ತಡ ಮಾಡಬೇಡಿ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಎರಡು ವಿಷಯ ಹೇಳಿ. ಚೀಲದಲ್ಲಿ ಬೀಜ ಕೈಗೆ ಸಿಗುತ್ತವಾ? ಆಡು, ಕುರಿಯಲ್ಲಿ ಹುಟ್ಟುವ ಹೊತ್ತಿಗೇ ಅವು ಚೀಲಕ್ಕೆ ಇಳಿದಿರುತ್ತವೆ. ಮತ್ತೆ ತಂದೆ ತಾಯಿಗೆ ಕೊಂಬು ಇದೆಯಾ? ಎರಡೂ ಹುಟ್ಟಾ ಕೊಂಬಿಲ್ಲದವಾದರೆ, ಹೆಣ್ಣಾಗಬೇಕಾದ ಮರಿ ಗಂಡಿನ ಲಕ್ಷಣ ಹೊತ್ತು ಹುಟ್ಟಬಹುದು. ಕೊಂಬು ಬಾರದಿರುವುದಕ್ಕೂ ಈ ದೋಷಕ್ಕೂ ಒಂದೇ ಡಿಎನ್‌ಎ ತುಂಡು ಇಲ್ಲದಿರುವುದು ಕಾರಣ ಅಂತ 2001ರಲ್ಲೇ ಗೊತ್ತಾಗಿದೆ. ಅದಕ್ಕೇ ಒಂದಕ್ಕಾದರೂ ಕೊಂಬು ಇರಲಿ ಅನ್ನುವುದು.

ಹುನಗುಂದ ರೈತ:
ಈಗಲೇ ಮುಟ್ಟಿ ನೋಡಿದೆ ಸರ್. ಆ ಕಡೆ ಒಂದು, ಈ ಕಡೆ ಒಂದು, ಶೇಂಗಾ ಬೀಜದ ಹಾಗೆ ಜಾರುತ್ತವೆ. ತಂದೆ ತಾಯಿ ಎರಡಕ್ಕೂ ಕೊಂಬಿದೆ. ಆದರೆ ಈ ಆಡು ಅದೇ ಹೋತದ ಮಗಳು. ಹೋತ ನಮ್ಮಲ್ಲಿ ಮೂರು ವರ್ಷದಿಂದ ಇದೆ.

ಇಂಡಿ ಕುರಿಗಾರ:
ತಮ್ಮಾ, ಆ ಹೋತವನ್ನು ಮೊದಲು ಬದಲಿಸು. ನಾನೂ ಇದೇ ತಪ್ಪು ಮಾಡಿದ್ದೆ. ಒಂದೇ ಬೀಜ ಇಳಿದಿದ್ದ ಟಗರನ್ನು ಮೈಕಟ್ಟು ಚೆನ್ನಾಗಿದೆ ಅಂತ ಹಿಂಡಿಗೆ ಬಿಟ್ಟೆ. ಕುರಿಗಳೇನೋ ಗಬ್ಬ ಕಟ್ಟಿದವು, ಆದರೆ ಮುಂದೆ ಅದರ ಮರಿಗಳಲ್ಲೂ ಒಂದೇ ಬೀಜದವು ಬಂದವು. ಈಗ ಟಗರು ಕೊಳ್ಳುವಾಗ ಹಲ್ಲು ನೋಡುವ ಮೊದಲು ಹಿಂದೆ ಕೈ ಹಾಕಿ ನೋಡುತ್ತೇನೆ.

ಪಶುವೈದ್ಯ, ಬಾಗಲಕೋಟೆ:
ಸರಿಯಾಗಿ ಹೇಳಿದಿರಿ ಕಾಕಾ. ಹೈಪೋಸ್ಪೇಡಿಯಾಸ್‌ಗೆ ಅಪ್ಪ ಮಗಳ ಕೂಡಿಕೆ ಒಂದೇ ಕಾರಣ ಅಂತ ಹೇಳಲಾಗದು, ಆದರೆ ಮುಚ್ಚಿಕೊಂಡಿದ್ದ ದೋಷ ಹೊರಗೆ ಬರುವುದು ಹೀಗೇ. ಬೀಜ ಎರಡೂ ಸಿಕ್ಕಿವೆ, ಹಾಗಾಗಿ ನಿಮ್ಮ ಮರಿ ಗಂಡೇ ಇರಬೇಕು, ಒಮ್ಮೆ ದವಾಖಾನೆಗೆ ತಂದು ತೋರಿಸಿ. ಮಾಂಸಕ್ಕೆ ಬೆಳೆಸಲು ಅಡ್ಡಿ ಇಲ್ಲ, ತಳಿಗೆ ಮಾತ್ರ ಬೇಡ, ಮಾರುವಾಗ ಅದನ್ನೂ ಹೇಳಿ. ದಿನಾ ಎರಡು ಸಲ ಉಗುರುಬೆಚ್ಚಗಿನ ನೀರಲ್ಲಿ ತೊಡೆ ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ಹಚ್ಚಿ. ಉಚ್ಚೆ ತೊಡೆಯ ಮೇಲೇ ನಿಂತರೆ ಚರ್ಮ ಸುಲಿಯುತ್ತದೆ, ನೊಣ ಕೂತು ಹುಳ ಬೀಳುತ್ತವೆ.

ಹುನಗುಂದ ರೈತ:
ಆಯ್ತು ಸರ್. ಈಗಷ್ಟೇ ತೊಳೆದು ಎಣ್ಣೆ ಹಚ್ಚಿದೆ, ತಾಯಿ ಹತ್ತಿರ ಬಿಟ್ಟಿದ್ದೇನೆ. ಮುಂದಿನ ಸಂತೆಗೆ ಹೋತವನ್ನು ಒಯ್ಯುತ್ತೇನೆ.