ಪಥ್ಯದ ಮಾತು ಜಗಳವಾಗಿ ತಿರುಗುವುದೇಕೆ? ದಾಂಪತ್ಯದ ವರ್ತನೆ ಮತ್ತು ದೇಹದ ಆರೋಗ್ಯದ ಬಗ್ಗೆ ಸಂಶೋಧನೆ ಏನು ಹೇಳುತ್ತದೆ?

ಪ್ರಶ್ನೆ: ಹೇಮಾವತಿ ತೀರ

ಎಲ್ಲರಿಗೂ ನಮಸ್ಕಾರ. ನನ್ನ ತಂದೆಯವರಿಗೆ ಹಲವು ವರ್ಷಗಳಿಂದ ಮಧುಮೇಹವಿದೆ. ಪಥ್ಯ, ಮಾತ್ರೆ, ಬೆಳಗಿನ ನಡಿಗೆ ಎಲ್ಲವನ್ನೂ ಅಮ್ಮನೇ ನೆನಪಿಟ್ಟುಕೊಂಡು ನಡೆಸುತ್ತಾರೆ. ಅಪ್ಪ ಎರಡನೆಯ ಸಲ ಅನ್ನ ಬಡಿಸಿಕೊಳ್ಳಲು ಹೋದರೆ ಅಮ್ಮ ತಡೆಯುತ್ತಾರೆ. ಅಪ್ಪ ಉತ್ತರ ಕೊಡದೆ ಕೈತೊಳೆದು ಎದ್ದುಬಿಡುತ್ತಾರೆ, ಸಂಜೆ ಪೇಟೆಯಲ್ಲಿ ಬೋಂಡಾ ತಿಂದು, ಸಕ್ಕರೆ ಹಾಕಿದ ಕಾಫಿ ಕುಡಿದು ಬರುತ್ತಾರೆ. ಅದು ಹೇಗೋ ಅಮ್ಮನಿಗೆ ತಿಳಿಯುತ್ತದೆ, ಮರುದಿನ ಕಾವಲು ಇನ್ನಷ್ಟು ಬಿಗಿಯಾಗುತ್ತದೆ. ಮೂರು ತಿಂಗಳ ಸರಾಸರಿಯ ರಕ್ತಪರೀಕ್ಷೆಯ ವರದಿ ಬಂದ ದಿನವಂತೂ ಇಬ್ಬರೂ ಊಟ ಮಾಡುವುದಿಲ್ಲ.

ತಪ್ಪು ಯಾರದೆಂದು ನಾನು ಕೇಳುತ್ತಿಲ್ಲ. ಇಂತಹ ವರ್ತನೆಯನ್ನು ಮನಶ್ಶಾಸ್ತ್ರಜ್ಞರು ಕ್ರಮಬದ್ಧವಾಗಿ ಅಧ್ಯಯನ ಮಾಡಿದ್ದಾರೆಯೇ? ಕಾಯಿಲೆಯ ಜೊತೆಗೆ ಜಗಳವೂ ದೇಹಕ್ಕೆ ಹಾನಿ ಮಾಡುತ್ತದೆಯೇ? ಬೇರೆ ಊರಿನಲ್ಲಿರುವ ಮಗಳು ಮಾಡಬಹುದಾದದ್ದು ಏನಾದರೂ ಇದೆಯೇ?

ಉತ್ತರ: ಓದುಬರಹ

ಕ್ಲಿನಿಕಲ್ ಸೈಕಾಲಜಿ ಓದಿ, ಈಗ ಅದನ್ನೇ ಪಾಠ ಮಾಡುತ್ತಿರುವವನಾಗಿ ಬರೆಯುತ್ತಿದ್ದೇನೆ. ನೀವು ವಿವರಿಸಿರುವ ವರ್ತನೆಗೆ ‘ಡಿಮಾಂಡ್–ವಿತ್‌ಡ್ರಾ’ ಎಂಬ ಹೆಸರಿದೆ. ಒಬ್ಬರು ಬದಲಾವಣೆ ಬೇಕೆಂದು ಒತ್ತಾಯಿಸುತ್ತಾರೆ, ದೂರುತ್ತಾರೆ. ಇನ್ನೊಬ್ಬರು ಮೌನವಾಗುತ್ತಾರೆ, ಮಾತು ತಿರುಗಿಸುತ್ತಾರೆ ಅಥವಾ ಎದ್ದು ಹೋಗುತ್ತಾರೆ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಂಡ್ರ್ಯೂ ಕ್ರಿಸ್ಟೆನ್‌ಸನ್ ಅವರು ಕ್ರಿಸ್ಟೋಫರ್ ಹೆವಿ ಅವರೊಡನೆ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಂಪತಿಗಳಿಗೆ ಎರಡು ಬಗೆಯ ವಿಷಯಗಳನ್ನು ಕೊಟ್ಟು ಮಾತನಾಡಿಸಿದರು. ಒಂದು, ಗಂಡ ಬದಲಾಗಲೆಂದು ಹೆಂಡತಿ ಬಯಸುವ ವಿಷಯ. ಇನ್ನೊಂದು, ಹೆಂಡತಿ ಬದಲಾಗಲೆಂದು ಗಂಡ ಬಯಸುವ ವಿಷಯ. ಮೊದಲನೆಯದರಲ್ಲಿ ಹೆಂಡತಿ ಒತ್ತಾಯಿಸುವುದೂ ಗಂಡ ಹಿಂದೆ ಸರಿಯುವುದೂ ಸ್ಪಷ್ಟವಾಗಿ ಹೆಚ್ಚಾಗಿತ್ತು. ಎರಡನೆಯದರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಹೆಂಗಸರ ಸ್ವಭಾವವೇ ಹಾಗೆ, ಗಂಡಸರ ಸ್ವಭಾವವೇ ಹೀಗೆ ಎಂದು ಇದನ್ನು ಮುಗಿಸಿಬಿಡಲಾಗದು. ಬದಲಾವಣೆಯ ಅಗತ್ಯ ಯಾರಿಗಿದೆಯೋ ಅವರು ಬೆನ್ನು ಹತ್ತುತ್ತಾರೆ, ಇದ್ದಂತೆಯೇ ಇದ್ದರೆ ಯಾರಿಗೆ ಅನುಕೂಲವೋ ಅವರು ದೂರ ಸರಿಯುತ್ತಾರೆ. 2006ರಲ್ಲಿ ಬ್ರೆಜಿಲ್, ಇಟಲಿ, ತೈವಾನ್ ಮತ್ತು ಅಮೆರಿಕದ ದಂಪತಿಗಳನ್ನು ಹೋಲಿಸಿದ ಅಧ್ಯಯನದಲ್ಲಿಯೂ ಇದೇ ವಿನ್ಯಾಸ ಕಾಣಿಸಿಕೊಂಡಿತು.

ಇಲ್ಲಿ ಗಮನಿಸಬೇಕಾದದ್ದು ಈ ವರ್ತನೆಯ ಚಕ್ರ. ‘ಅವರು ಎದ್ದು ಹೋಗುವುದರಿಂದ ನಾನು ಗಟ್ಟಿಯಾಗಿ ಹೇಳಬೇಕಾಗುತ್ತದೆ’ ಎಂದು ನಿಮ್ಮ ತಾಯಿಯವರು ಹೇಳಬಹುದು; ‘ಅವಳು ಗಟ್ಟಿಯಾಗಿ ಹೇಳುವುದರಿಂದ ನಾನು ಎದ್ದು ಹೋಗುತ್ತೇನೆ’ ಎಂದು ತಂದೆಯವರು ಹೇಳಬಹುದು. ಇಬ್ಬರ ಮಾತೂ ನಿಜ. ಆದುದರಿಂದಲೇ ದಾಂಪತ್ಯ ಚಿಕಿತ್ಸಕರು ಮೊದಲು ಯಾರು ಶುರುಮಾಡಿದರೆಂಬ ವಿಚಾರಣೆಗೆ ಇಳಿಯದೆ, ಆ ಚಕ್ರವನ್ನೇ ಗಂಡಹೆಂಡಿರ ಮುಂದಿಟ್ಟು, ಅದನ್ನು ಇಬ್ಬರಿಗೂ ಒದಗಿದ ಸಮಾನ ತೊಂದರೆಯೆಂದು ನೋಡಲು ಕಲಿಸುತ್ತಾರೆ.

ದೇಹದ ವಿಷಯಕ್ಕೆ ಬಂದರೆ, ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಅವರ ತಂಡದ 2005ರ ಅಧ್ಯಯನವನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ವಿವರಿಸುತ್ತೇನೆ. ಆರೋಗ್ಯವಂತರಾದ 42 ದಂಪತಿಗಳನ್ನು ಎರಡು ಬಾರಿ, ಪ್ರತಿ ಬಾರಿಯೂ 24 ಗಂಟೆಗಳ ಕಾಲ, ಆಸ್ಪತ್ರೆಯ ಸಂಶೋಧನಾ ಘಟಕದಲ್ಲಿ ಇರಿಸಿಕೊಂಡು, ಮುಂಗೈಯ ಮೇಲೆ ಹೀರುವ ಉಪಕರಣದಿಂದ ಸಣ್ಣ ಗುಳ್ಳೆಗಳನ್ನೆಬ್ಬಿಸಿ, ಆ ಗಾಯ ಮಾಯುವ ವೇಗವನ್ನು ಅಳೆದರು. ಒಂದು ಬಾರಿ ದಂಪತಿಗಳು ಒಬ್ಬರಿಗೊಬ್ಬರು ಆಸರೆಯಾಗಿ ಮಾತನಾಡಬೇಕಿತ್ತು; ಇನ್ನೊಂದು ಬಾರಿ ತಮ್ಮ ನಡುವಿನ ಭಿನ್ನಾಭಿಪ್ರಾಯವನ್ನು ಚರ್ಚಿಸಬೇಕಿತ್ತು. ಭಿನ್ನಾಭಿಪ್ರಾಯದ ಚರ್ಚೆಯ ನಂತರ ಗಾಯ ನಿಧಾನವಾಗಿ ಮಾಯಿತು. ಪರಸ್ಪರ ಕಟುವಾಗಿ ವರ್ತಿಸಿದ ದಂಪತಿಗಳಲ್ಲಿ ಗಾಯ ಮಾಯುವ ವೇಗ ಸೌಮ್ಯವಾಗಿ ವರ್ತಿಸಿದವರ ವೇಗದ ಶೇಕಡಾ 60ರಷ್ಟು ಮಾತ್ರವಿತ್ತು. ಮಧುಮೇಹಿಗಳಿಗೆ ಗಾಯ ಮಾಯುವುದೇ ದೊಡ್ಡ ಚಿಂತೆಯಾದ್ದರಿಂದ ಈ ಫಲಿತಾಂಶ ನಮ್ಮ ಗಮನ ಸೆಳೆಯಬೇಕು.

ಉತ್ತರ: ಅಂಕಿಸಂಖ್ಯೆ

ಮೇಲಿನ ಉತ್ತರ ಸರಿಯಾಗಿಯೇ ಇದೆ, ಆದರೆ ಅದನ್ನು ಓದಿ ಯಾರೂ ಗಾಬರಿಯಾಗಬಾರದೆಂದು ಎರಡು ಮಾತು ಸೇರಿಸುತ್ತೇನೆ. 42 ದಂಪತಿಗಳ ಅಧ್ಯಯನ ಸಣ್ಣದು, ಅವರ್ಯಾರೂ ಮಧುಮೇಹಿಗಳಲ್ಲ, ಮಾಪನ ನಡೆದದ್ದೂ ಮನೆಯಿಂದಾಚೆ. ಇಡೀ ಚಿತ್ರ ಬೇಕೆಂದರೆ ಥಿಯೋಡೋರ್ ರೋಬಲ್ಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯನ್ನು ನೋಡಬೇಕು. ಅದು 126 ಪ್ರಕಟಣೆಗಳನ್ನು, 72,000ಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದೆ. ದಾಂಪತ್ಯ ಚೆನ್ನಾಗಿದ್ದರೆ ಆರೋಗ್ಯವೂ ಚೆನ್ನಾಗಿರುತ್ತದೆಂಬ ಸಂಬಂಧ ಅಲ್ಲಿ ಸಿಕ್ಕಿತು, ಆದರೆ ಅದರ ಪ್ರಮಾಣ ಚಿಕ್ಕದು. ಆಹಾರ ಮತ್ತು ವ್ಯಾಯಾಮದ ಪರಿಣಾಮಗಳೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿರುವುದರಿಂದ ಚಿಕ್ಕದೆಂದು ತಳ್ಳಿಹಾಕುವಂತೆಯೂ ಇಲ್ಲ.

ಇನ್ನೊಂದು ತೊಡಕು ಕಾರ್ಯಕಾರಣದ್ದು. ಜಗಳದಿಂದ ಸಕ್ಕರೆ ಏರಬಹುದು, ಏರಿದ ಸಕ್ಕರೆಯ ವರದಿಯಿಂದಲೂ ಜಗಳ ಹುಟ್ಟಬಹುದು. ಒಂದು ದಿನದ ಮಾಪನದಿಂದ ಇವೆರಡನ್ನು ಬೇರ್ಪಡಿಸಲಾಗದು. ಹಾಗಾಗಿ ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳನ್ನು ನಾನು ಹೆಚ್ಚು ನಂಬುತ್ತೇನೆ. ಜೇಮ್ಸ್ ಕಾಯ್ನ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೃದಯ ವೈಫಲ್ಯವಿದ್ದ ರೋಗಿಗಳ ಪೈಕಿ ದಾಂಪತ್ಯ ಚೆನ್ನಾಗಿದ್ದವರು ಮುಂದಿನ ನಾಲ್ಕು ವರ್ಷಗಳಲ್ಲಿ ಬದುಕುಳಿದ ಪ್ರಮಾಣ ಹೆಚ್ಚಾಗಿತ್ತು, ಅದರಲ್ಲಿಯೂ ರೋಗಿ ಹೆಂಗಸಾಗಿದ್ದಾಗ ಆ ಸಂಬಂಧ ಇನ್ನೂ ಬಲವಾಗಿತ್ತು. ನಿಮ್ಮ ತಾಯಿಯವರ ರಕ್ತದೊತ್ತಡವನ್ನು ಯಾರಾದರೂ ನೋಡುತ್ತಿದ್ದಾರೆಯೇ? ರೋಗಿಯ ಬಗ್ಗೆ ಇಷ್ಟು ಮಾತನಾಡುವಾಗ ಆರೈಕೆ ಮಾಡುವವರನ್ನು ನಾವು ಮರೆಯುತ್ತೇವೆ.

ಪ್ರಶ್ನೆ ಕೇಳಿದವರಿಂದ: ಹೇಮಾವತಿ ತೀರ

ಇಬ್ಬರಿಗೂ ಧನ್ಯವಾದಗಳು. ಆದರೆ ಒಂದು ಸಂಶಯ ಉಳಿಯಿತು. ಹಾಗಾದರೆ ಅಮ್ಮ ಸುಮ್ಮನಿರಬೇಕೇ? ಅವರು ಹೇಳುವುದನ್ನು ಬಿಟ್ಟರೆ ಅಪ್ಪ ಮಾತ್ರೆಯನ್ನೂ ಮರೆಯುತ್ತಾರೆ.

ಉತ್ತರ: ಬೆಳಗಿನ ನಡಿಗೆ

ನಾನು ಮನೋರೋಗ ವಿಭಾಗದಲ್ಲಿ ಸಮಾಜ ಕಾರ್ಯಕರ್ತೆ; ಕುಟುಂಬದವರನ್ನು ಕೂರಿಸಿ ಮಾತನಾಡುವುದೇ ನನ್ನ ಉದ್ಯೋಗ. ಸುಮ್ಮನಿರಬೇಕೆಂದು ಯಾವ ಸಂಶೋಧನೆಯೂ ಹೇಳುವುದಿಲ್ಲ. ಕುಟುಂಬದ ಮಾತು ರೋಗದ ಗತಿಯನ್ನು ಬದಲಿಸುತ್ತದೆಂದು ಮೊದಲು ತೋರಿಸಿದ್ದು ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆಯ ಬಗ್ಗೆ ಲಂಡನ್ನಿನಲ್ಲಿ ನಡೆದ ಅಧ್ಯಯನಗಳು. ಮನೆಯವರು ರೋಗಿಯ ಬಗ್ಗೆ ಆಡುವ ಮಾತಿನಲ್ಲಿ ಟೀಕೆ, ಹಗೆತನ, ಅತಿಯಾದ ಭಾವುಕ ತೊಡಗುವಿಕೆ ಎಷ್ಟಿದೆಯೆಂದು ಅಳೆದಾಗ, ಅವು ಹೆಚ್ಚಿದ್ದ ಮನೆಗಳಿಗೆ ಮರಳಿದವರಲ್ಲಿ ಕಾಯಿಲೆ ಹೆಚ್ಚಾಗಿ ಮರುಕಳಿಸಿತ್ತು. ಕ್ರಿಸ್ಟೀನ್ ವಾನ್ ಮತ್ತು ಜೂಲಿಯನ್ ಲೆಫ್ 1976ರಲ್ಲಿ ಇದನ್ನು ದೃಢಪಡಿಸಿದರು. ಅದೇ ಅಳತೆಗೋಲನ್ನು ಚಂಡೀಗಢದ ಕುಟುಂಬಗಳಿಗೆ ಅನ್ವಯಿಸಿ 1987ರಲ್ಲಿ ವರದಿ ಪ್ರಕಟವಾದಾಗ, ಇಂತಹ ಭಾವತೀವ್ರತೆ ಇದ್ದ ಮನೆಗಳು ಲಂಡನ್ನಿಗಿಂತ ಬಹಳ ಕಡಿಮೆಯಿದ್ದವು. ಅದು ಬೇರೆ ಕಾಯಿಲೆಯ ಮಾತು, ನೇರವಾಗಿ ಮಧುಮೇಹಕ್ಕೆ ತರುವಂತಿಲ್ಲ. ಆದರೆ ಆ ಅಳತೆಯಲ್ಲಿ ಅಕ್ಕರೆ ಮತ್ತು ಮೆಚ್ಚುಗೆಯ ಮಾತುಗಳನ್ನೂ ಪ್ರತ್ಯೇಕವಾಗಿ ಎಣಿಸುತ್ತಾರೆಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಎಷ್ಟು ಹೇಳಿದರೆಂಬುದಕ್ಕಿಂತ ಹೇಗೆ ಹೇಳಿದರೆಂಬುದೇ ಅಲ್ಲಿ ಲೆಕ್ಕಕ್ಕೆ ಬರುವುದು.

ನಿಮ್ಮ ಮನೆಯ ಪರಿಸ್ಥಿತಿಗೆ ಹತ್ತಿರವಾದದ್ದು ಬಾರ್ಬರಾ ಆಂಡರ್ಸನ್ ಮತ್ತು ಜೇಮ್ಸ್ ಕಾಯ್ನ್ 1991ರಲ್ಲಿ ವಿವರಿಸಿದ ‘ದಾರಿ ತಪ್ಪಿದ ನೆರವು’. ದೀರ್ಘಕಾಲದ ಕಾಯಿಲೆಯಿರುವ ಮಕ್ಕಳು ಮತ್ತು ಅವರ ಹೆತ್ತವರನ್ನು ಕುರಿತು ಅವರು ಬರೆದರು. ಒಳ್ಳೆಯ ಮನಸ್ಸಿನಿಂದ ಆರಂಭವಾದ ಸಹಾಯ, ಫಲಿತಾಂಶ ಕೈಗೆ ಸಿಗದಿದ್ದಾಗ ಮೇಲ್ವಿಚಾರಣೆಯಾಗುತ್ತದೆ, ಮೇಲ್ವಿಚಾರಣೆ ದೂಷಣೆಯಾಗುತ್ತದೆ. ಕೊನೆಗೆ ರೋಗಿಗೆ ಕಾಯಿಲೆಗಿಂತ ತನ್ನ ಸ್ವಾತಂತ್ರ್ಯವನ್ನು ಉಳಿಸಿಕೊಳ್ಳುವುದೇ ದೊಡ್ಡ ಕೆಲಸವಾಗುತ್ತದೆ. ಪೇಟೆಯಲ್ಲಿ ತಿನ್ನುವ ಬೋಂಡಾದಲ್ಲಿ ರುಚಿಯಷ್ಟೇ ಪಾಲು ಆ ಸ್ವಾತಂತ್ರ್ಯಕ್ಕೂ ಇರಬಹುದು.

ವಿಲಿಯಂ ಮಿಲ್ಲರ್ ಅವರ ತಂಡ 1993ರಲ್ಲಿ ಪ್ರಕಟಿಸಿದ, ಮದ್ಯಪಾನಿಗಳನ್ನು ಕುರಿತ ಅಧ್ಯಯನ ಇಲ್ಲಿ ನೆರವಾಗುತ್ತದೆ. ಚಿಕಿತ್ಸಕರು ಎಷ್ಟು ಖಂಡಿಸಿ, ವಾದಿಸಿ ಮಾತನಾಡಿದರೋ, ಒಂದು ವರ್ಷದ ನಂತರ ಆ ವ್ಯಕ್ತಿಗಳು ಅಷ್ಟೇ ಹೆಚ್ಚು ಕುಡಿಯುತ್ತಿದ್ದರು. ಬದಲಾಗಲು ಇರುವ ಕಾರಣವನ್ನು ಎದುರಿನವರ ಬಾಯಿಂದಲೇ ಬರಿಸುವ ಮಾತುಕತೆಯ ಕ್ರಮವನ್ನು ಮಿಲ್ಲರ್ ರೂಪಿಸಿದರು, ಇಂದು ಅದು ಮಧುಮೇಹದ ಆರೈಕೆಯಲ್ಲಿಯೂ ಬಳಕೆಯಲ್ಲಿದೆ. ಆದ್ದರಿಂದ ನೀವು ಫೋನಿನಲ್ಲಿ ತಂದೆಯವರಿಗೆ ಬುದ್ಧಿ ಹೇಳಬೇಡಿ. ‘ಈ ಕಾಯಿಲೆಯಲ್ಲಿ ನಿಮಗೆ ಅತಿ ಬೇಸರ ತರಿಸಿರುವುದು ಯಾವುದು ಅಪ್ಪ?’ ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ವರ್ಷಾನುಗಟ್ಟಲೆ ಪಥ್ಯ ಮಾಡಿದವರಿಗೆ ಕಾಯಿಲೆಯೇ ಸಾಕುಸಾಕೆನಿಸುವುದನ್ನು ವಿಲಿಯಂ ಪೊಲೊನ್ಸ್ಕಿ ಮತ್ತು ಸಂಗಡಿಗರು 1995ರಲ್ಲಿಯೇ ಪ್ರಶ್ನಾವಳಿಯೊಂದರ ಮೂಲಕ ಅಳೆದಿದ್ದಾರೆ. ಅದು ಸೋಮಾರಿತನವೂ ಅಲ್ಲ, ಖಿನ್ನತೆಯೂ ಅಲ್ಲ.

ಕೆಲಸಗಳನ್ನು ಹಂಚುವುದು ಎರಡನೆಯ ಹೆಜ್ಜೆ. ಮಾತ್ರೆಯ ಡಬ್ಬಿಯೂ ರಕ್ತಪರೀಕ್ಷೆಯ ಪುಸ್ತಕವೂ ತಂದೆಯವರ ವಶದಲ್ಲಿರಲಿ. ವಾರಕ್ಕೊಮ್ಮೆ, ಊಟದ ಹೊತ್ತನ್ನು ಬಿಟ್ಟು, ಇಬ್ಬರೂ ಕುಳಿತು ಅದನ್ನು ನೋಡಲಿ. ಅಡುಗೆ ಒಂದೇ ಆಗಿರಲಿ. ರಾಗಿ ಮುದ್ದೆಯಾಗಲಿ, ಸೊಪ್ಪಿನ ಸಾರಾಗಲಿ, ಮನೆಯವರೆಲ್ಲ ಉಣ್ಣುವುದನ್ನೇ ಅವರೂ ಉಂಡರೆ ಪಥ್ಯ ಶಿಕ್ಷೆಯಂತೆ ಕಾಣುವುದಿಲ್ಲ. ಸಿಟ್ಟು ಏಕಾಏಕಿ ಬಂದು, ಜೊತೆಗೆ ಬೆವರು, ಕೈನಡುಕ ಇದ್ದರೆ ಸಕ್ಕರೆ ಇಳಿದಿರಬಹುದು. ಆಗ ವಾದ ಮಾಡದೆ ಕೂಡಲೇ ಪರೀಕ್ಷಿಸಬೇಕು. ಮುಂದಿನ ಸಲ ವೈದ್ಯರಲ್ಲಿಗೆ ಇಬ್ಬರನ್ನೂ ಒಟ್ಟಿಗೆ ಕಳುಹಿಸಿ, ಯಾವ ಆಹಾರ ಎಷ್ಟು ಎಂಬುದನ್ನು ವೈದ್ಯರೇ ತಂದೆಯವರಿಗೆ ನೇರವಾಗಿ ಹೇಳಲಿ, ಆಗ ಆ ನಿಯಮ ತಾಯಿಯವರ ನಿಯಮವಾಗಿ ಉಳಿಯುವುದಿಲ್ಲ. ಮಾತು ಮುಂದುವರಿಸುವುದೇ ಕಷ್ಟವೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೆಂದೇ ಪ್ರತ್ಯೇಕ ಮನೋಚಿಕಿತ್ಸಾ ಘಟಕವೂ ಇದೆ. ಮೊದಲ ಕರೆಯನ್ನು ತಾಯಿಯವರೇ ಮಾಡಲಿ, ಮಾಡುವಾಗ ತಮ್ಮ ಆಯಾಸವನ್ನು ಹೇಳಿಕೊಳ್ಳಲಿ.