ವೆಸ್ಟ್‌ಮಿನ್‌ಸ್ಟರ್ ಸೇತುವೆ ಮೇಲೆ ವರ್ಡ್ಸ್‌ವರ್ತ್‌ಗೆ ಜನರೇ ಕಾಣಲಿಲ್ವಾ?

ಪ್ರಶ್ನೆ

ಈ ವಾರ ಎರಡು ಇಂಗ್ಲಿಷ್ ಕವಿತೆಗಳನ್ನು ಒಟ್ಟಿಗೆ ಓದಿದೆ. ಒಂದು ಬ್ಲೇಕ್‌ನ 'ಲಂಡನ್', 1794ರದ್ದು. ಇನ್ನೊಂದು ಅದೇ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಬಗ್ಗೆ ವರ್ಡ್ಸ್‌ವರ್ತ್ ಬರೆದದ್ದು, 1802ರದ್ದು. ನಡುವೆ ಎಂಟೇ ವರ್ಷ. ಬ್ಲೇಕ್‌ನ ಊರಲ್ಲಿ ಚಿಮಣಿ ಗುಡಿಸುವ ಮಕ್ಕಳ ಕೂಗು ಕೇಳುತ್ತದೆ, ಸೈನಿಕನ ನಿಟ್ಟುಸಿರು ಅರಮನೆ ಗೋಡೆ ಮೇಲೆ ರಕ್ತವಾಗಿ ಇಳಿಯುತ್ತದೆ. ವರ್ಡ್ಸ್‌ವರ್ತ್‌ನ ಊರು ಬೆಳಗಿನ ಚೆಲುವನ್ನು ಉಟ್ಟುಕೊಂಡು ಹಾಯಾಗಿ ಮಲಗಿದೆ. ಹಡಗು, ಗೋಪುರ, ಗುಮ್ಮಟ ಎಲ್ಲಾ ಇವೆ. ಬೀದಿಯಲ್ಲಿ ಒಬ್ಬ ಮನುಷ್ಯ ಇಲ್ಲ! ನನಗೆ ಸಿಟ್ಟೇ ಬಂತು. ಇದು ಕಣ್ಣು ಮುಚ್ಚಿಕೊಂಡು ಬರೆದ ಹಾಗಲ್ವಾ?

ಉತ್ತರ 1

ಸಿಟ್ಟು ಸ್ವಲ್ಪ ತಡೆದುಕೊಳ್ಳಿ. ಮೊದಲು ಹೊತ್ತು ನೋಡಿ. ಶೀರ್ಷಿಕೆಯಲ್ಲಿ ಸೆಪ್ಟೆಂಬರ್ 3 ಅಂತ ಇದೆ. ಆದರೆ ತಂಗಿ ಡೊರೊಥಿಯ ದಿನಚರಿ ಪ್ರಕಾರ ಅವರಿಬ್ಬರೂ ಆ ಸೇತುವೆ ದಾಟಿದ್ದು ಜುಲೈ 31ರ ಬೆಳಗಿನ ಜಾವ, ಫ್ರಾನ್ಸ್‌ಗೆ ಹೋಗಲು ಡೋವರ್ ಬಂದರಿಗೆ ಹೋಗುವ ಕುದುರೆಗಾಡಿಯಲ್ಲಿ ಕೂತು. ಊರು ಇನ್ನೂ ಎದ್ದಿಲ್ಲ. ಮನೆಗಳ ಮೇಲೆ ಹೊಗೆ ಕವಿದಿಲ್ಲ ಅಂತ ಅವಳೂ ಬರೆದಿದ್ದಾಳೆ.

ಆ ಹೊಗೆಯನ್ನೇ ಹಿಡಿದುಕೊಳ್ಳಿ. 'ಹೊಗೆಯಿಲ್ಲದ ಗಾಳಿ' ಅನ್ನುವ ಮಾತು ಕವಿತೆಯಲ್ಲೇ ಇದೆ. ದಿನವಿಡೀ ಹೊಗೆ ಇಲ್ಲದ ಊರಾಗಿದ್ದರೆ ಅದನ್ನು ಯಾಕೆ ಹೇಳಬೇಕಿತ್ತು? ಇನ್ನೊಂದು ಗಂಟೆಗೆ ಒಲೆ ಹೊತ್ತಿದರೆ ಆ ಚಿತ್ರ ಮುಗಿಯಿತು. ಒಲೆ ಹೊತ್ತಿದರೆ ಚಿಮಣಿಯಲ್ಲಿ ಮಸಿ. ಮಸಿ ಕೆರೆಯಲು ಪುಟ್ಟ ಹುಡುಗರು. ಬ್ಲೇಕ್‌ನ ಚರ್ಚು ಕಪ್ಪಾಗುವುದೂ ಆ ಮಸಿಯಿಂದಲೇ. ನನ್ನ ಪ್ರಕಾರ ಎರಡೂ ಒಂದೇ ದಿನದ ಕವಿತೆಗಳು, ಹೊತ್ತು ಮಾತ್ರ ಬೇರೆ.

ಹಾಗಂತ ವರ್ಡ್ಸ್‌ವರ್ತ್‌ನನ್ನು ಪೂರ್ತಿ ಬಿಟ್ಟುಬಿಡಲ್ಲ. ಅವನ ಥೇಮ್ಸ್ 'ತನ್ನಿಷ್ಟದಂತೆ' ಹರಿಯುತ್ತದೆ. ಬ್ಲೇಕ್ ಅದೇ ನದಿಗೆ ಕರಡಿನಲ್ಲಿ 'ಕೊಳಕು' ಅಂತ ಬರೆದು, ಆಮೇಲೆ ಹೊಡೆದು 'ಚಾರ್ಟರ್ಡ್' ಅಂತ ಮಾಡಿದ. ಚಾರ್ಟರ್ ಅಂದರೆ ಕೆಲವರಿಗೆ ಹಕ್ಕು ಬರೆದುಕೊಡುವ ಪತ್ರ, ಉಳಿದವರಿಗೆ ಬಾಗಿಲು ಬಂದ್. ಕೊಳಕನ್ನು ತೊಳೆಯಬಹುದು. ಪತ್ರ ಮಾಡಿ ಹಂಚಿಕೊಂಡ ನದಿಯನ್ನು ಏನು ಮಾಡುತ್ತೀರಿ? ಈ ಒಂದು ಪದಕ್ಕೆ ನಾನು ಬ್ಲೇಕ್‌ಗೆ ಜಾಸ್ತಿ ಅಂಕ ಕೊಡುತ್ತೇನೆ.

ಉತ್ತರ 2

ಸಣ್ಣ ಸೇರ್ಪಡೆ. ವರ್ಡ್ಸ್‌ವರ್ತ್‌ದು ಕಣ್ಣಿನ ಕವಿತೆ, ಬ್ಲೇಕ್‌ದು ಕಿವಿಯದು. ಬ್ಲೇಕ್‌ನ ಕವಿತೆಯ ಎರಡನೇ ಚರಣ 'ಹಿಯರ್', ಅಂದರೆ 'ಕೇಳುತ್ತೇನೆ', ಅನ್ನುವ ಪದದಲ್ಲಿ ನಿಲ್ಲುತ್ತದೆ. ಮೂರನೇ ಚರಣದ ನಾಲ್ಕು ಸಾಲುಗಳ ಮೊದಲ ಅಕ್ಷರ ಮೇಲಿಂದ ಕೆಳಗೆ ಓದಿ: ಎಚ್, ಇ, ಎ, ಆರ್. ಮತ್ತೆ ಅದೇ ಪದ! ಸುಮ್ನೆ ಬಿದ್ದದ್ದಲ್ಲ ಅಂತ ನನ್ನ ನಂಬಿಕೆ.

ಪ್ರಶ್ನೆ ಕೇಳಿದವರು

ಈಗ ತಾನೇ ಪುಸ್ತಕ ತೆಗೆದು ನೋಡಿದೆ. ಹೌದು, ಇದೆ! ಇಷ್ಟು ಸಲ ಓದಿಯೂ ಕಂಡಿರಲಿಲ್ಲ. ಹೊಗೆಯ ಮಾತು ಒಪ್ಪಿದೆ. ಆದರೂ ಒಂದು ಅನುಮಾನ. ವರ್ಡ್ಸ್‌ವರ್ತ್ ಆ ಊರಿನ ಹಗಲನ್ನು ಎಲ್ಲಾದರೂ ಬರೆದಿದ್ದಾನಾ?

ಉತ್ತರ 1

ಬರೆದಿದ್ದಾನೆ. ತನ್ನ ಬದುಕಿನ ಬಗ್ಗೆ ಅವನೇ ಬರೆದ ದೀರ್ಘ ಕವಿತೆ 'ಪ್ರಿಲ್ಯೂಡ್'ನ ಏಳನೇ ಭಾಗ ನೋಡಿ. ಬಾರ್ಥಲೊಮ್ಯೂ ಜಾತ್ರೆಯ ಗದ್ದಲ ಇದೆ, ತನ್ನ ಕಥೆಯನ್ನು ಚೀಟಿಯಲ್ಲಿ ಬರೆಸಿ ಎದೆಗೆ ಅಂಟಿಸಿಕೊಂಡು ನಿಂತ ಕುರುಡು ಭಿಕ್ಷುಕ ಇದ್ದಾನೆ. ಆದರೆ ಅದು ಅಚ್ಚಾದದ್ದು 1850ರಲ್ಲಿ, ಅವನು ಸತ್ತ ಮೇಲೆ.

ಇನ್ನೊಂದು ತಮಾಷೆ. ಬ್ಲೇಕ್ 1790ರಿಂದ ಹತ್ತು ವರ್ಷ ಇದ್ದ, ಲಂಡನ್ನಿನ ಲ್ಯಾಂಬೆತ್‌ನ ಮನೆ ಆ ಸೇತುವೆಗೆ ಹತ್ತಿರವೇ. ಆದರೆ 1802ರಲ್ಲಿ ಹಳ್ಳಿಯ ವರ್ಡ್ಸ್‌ವರ್ತ್ ಸೇತುವೆ ಮೇಲಿದ್ದಾಗ, ಲಂಡನ್ನಿನಲ್ಲೇ ಹುಟ್ಟಿ ಬೆಳೆದ ಬ್ಲೇಕ್ ಸಮುದ್ರ ದಡದ ಫೆಲ್ಪಮ್ ಅನ್ನುವ ಹಳ್ಳಿಯಲ್ಲಿ ಮನೆ ಮಾಡಿದ್ದ.